ಹೆಡಕಿನ ತಂಪು

ಶಿವರಾತ್ರಿ ಕಳೆಯಿತೆಂದರೆ ಕಮಲಾಪುರದ ಕೆರೆ ಓಣಿಯಲ್ಲಿ ಯಾರೂ ಒಣ ಹೆಡಕಿನಲ್ಲಿ ಹೊಸ್ತಿಲು ದಾಟುವುದಿಲ್ಲ. ಹೆಡಕು ಎಂದರೆ ಕತ್ತಿನ ಹಿಂಬದಿ, ಕೂದಲು ಮುಗಿದು ಬೆನ್ನು ಶುರುವಾಗುವ ಜಾಗ. ಬಿಸಿಲು ಮೈಯೊಳಗೆ ಇಳಿಯುವುದು ಅಲ್ಲಿಂದಲೇ ಎಂದು ಓಣಿಯವರ ನಂಬಿಕೆ. ಹೊರಗೆ ಹೋಗುವವರು ತಲೆ ಬಾಗಿಸಿ ನಿಲ್ಲಬೇಕು. ಮನೆಯಲ್ಲಿರುವವರು ಬಟ್ಟೆಯನ್ನು ಮಡಕೆಯ ನೀರಿನಲ್ಲಿ ಅದ್ದಿ, ಅರ್ಧ ಹಿಂಡಿ, ಹೆಡಕಿನ ಮೇಲೆ ಹಾಸಬೇಕು. ತನಗೆ ತಾನೇ ಹಾಕಿಕೊಂಡರೆ ಅದು ಲೆಕ್ಕಕ್ಕಿಲ್ಲ, ಇನ್ನೊಬ್ಬರ ಕೈಯೇ ಆಗಬೇಕು. ಗಂಡ ಹೆಂಡತಿ ಮಾತು ಬಿಟ್ಟ ದಿನವೂ ಇದು ತಪ್ಪುವುದಿಲ್ಲ. ಬಟ್ಟೆ ಸ್ವಲ್ಪ ಜೋರಾಗಿ ಬೀಳುತ್ತದೆ, ಅಷ್ಟೇ. ಹೆಣಕ್ಕೆ ಮಾತ್ರ ಹಾಕುವುದಿಲ್ಲ. ಅದಕ್ಕೆ ಬಿಸಿಲಿನ ಭಯವಿಲ್ಲ.

ತುಂಗಮ್ಮನ ಮನೆಯಲ್ಲಿ ಬಿಸಿಲಿಗೆ ಹೋಗುವವಳು ಅಕ್ಕ ಹುಲಿಗೆಮ್ಮ. ತುಂಗಮ್ಮನೂ ಕೆಲಸಕ್ಕೆ ಹೋಗುತ್ತಿದ್ದಳು, ಆದರೆ ಹೊಸಪೇಟೆಯ ತಂಪು ಕಟ್ಟಡಕ್ಕೆ, ತಂಪು ಬಸ್ಸಿನಲ್ಲಿ. ಅವಳ ಹೆಡಕಿಗೆ ಬಟ್ಟೆ ಬೇಕಿರಲಿಲ್ಲ. ಅವ್ವ ಸತ್ತ ಮೇಲೆ ಅಕ್ಕನಿಗೆ ಬಟ್ಟೆ ಹಾಸುವ ಕೆಲಸ ಅವಳದಾಯಿತು. ಹಾಸಿದಾಗ ಬಟ್ಟೆಯ ಅಡಿಯಲ್ಲಿ ಕೆಲಸ ಕೊಟ್ಟವರು ಅಂಟಿಸಿದ್ದ ಉದ್ದಿನಕಾಳಿನ ಗಾತ್ರದ ಒಂದು ಗುಂಡಿ ಸಣ್ಣಗೆ ಕಂಪಿಸುತ್ತಿತ್ತು. ಹುಲಿಗೆಮ್ಮನ ಮೈ ಕೆಲಸಕ್ಕೆ ಸರಿಯಾಗಿದೆ ಎಂದು ಅದು ಹೇಳುವ ರೀತಿ ಅದು.

ಜನ ಹಿಂದೊಮ್ಮೆ ಊರು ನೋಡಲು ತಾವೇ ಬರುತ್ತಿದ್ದರು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಸಮುದ್ರ ಮೂರ್ನಾಲ್ಕು ಪಟ್ಟಣಗಳನ್ನು ನುಂಗಿದ ಮೇಲೆ ದೇಶಗಳೆಲ್ಲ ಕೂತು ಒಂದು ಕಾನೂನು ಮಾಡಿದವು: ಒಬ್ಬ ಮನುಷ್ಯನಿಗೆ ಜೀವಮಾನಕ್ಕೆ ಎರಡೇ ವಿಮಾನಯಾನ. ಜನ ಒಂದನ್ನು ಮದುವೆಗೆ, ಇನ್ನೊಂದನ್ನು ಯಾರದಾದರೂ ಸಾವಿಗೆ ಎತ್ತಿಟ್ಟುಕೊಂಡರು. ಹಂಪಿಯ ಬಂಡೆಗಳು ಮೌನವಾದವು. ಹೋಟೆಲುಗಳ ಮೇಲೆ ಪಾರಿವಾಳಗಳು ಸಂಸಾರ ಹೂಡಿದವು. ಆಕಾಶಕ್ಕೆ ಒಳ್ಳೆಯದಾಯಿತು, ಅದು ಸುಳ್ಳಲ್ಲ. ಶಾಲೆಯಲ್ಲಿದ್ದಾಗ ತುಂಗಮ್ಮನೇ ಆ ಕಾನೂನನ್ನು ಹೊಗಳಿ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದಿದ್ದಳು. ಅಷ್ಟರಲ್ಲಿ ಒಡಲಂಗಿ ಬಂತು.

ಒಡಲಂಗಿ ನೋಡಲು ತೆಳ್ಳನೆಯ ಒಳಅಂಗಿ. ಅದರ ನೂಲುಗಳು ನರದಂತೆ ಕೆಲಸ ಮಾಡುತ್ತವೆ. ಅಂಗಾಲಿಗೊಂದು ಹಾಳೆ, ನಾಲಿಗೆಯ ಅಡಿಗೊಂದು ಕಾಳು, ಕಣ್ಣಿಗೊಂದು ಕನ್ನಡಕ, ಮಾತಾಡಲು ಕಿವಿಗೊಂದು ತಂತಿ, ಹೆಡಕಿಗೆ ಆ ಗುಂಡಿ. ಇವನ್ನು ತೊಟ್ಟು ಹುಲಿಗೆಮ್ಮ ಹೇಮಕೂಟದ ಬಂಡೆಯ ಮೇಲೆ ಕಾಲಿಟ್ಟರೆ, ಸಾವಿರಾರು ಮೈಲಿ ದೂರದಲ್ಲಿ ಕುರ್ಚಿಗೆ ಒರಗಿದ ಯಾರೋ ಒಬ್ಬರಿಗೆ ತಮ್ಮದೇ ಅಂಗಾಲಿನಲ್ಲಿ ಬಂಡೆ ಸಿಗುತ್ತದೆ. ಹೊಳೆಯಲ್ಲಿ ಇಳಿದರೆ ಮೊಣಕಾಲಿಗೆ ನೀರು, ಮಂಡಕ್ಕಿ ತಿಂದರೆ ಬಾಯಿಗೆ ಖಾರ. ಆದರೆ ಸಂಕಟಪಡಲು ಯಾರು ಪ್ರವಾಸ ಬರುತ್ತಾರೆ? ಅದಕ್ಕಾಗಿ ನಡುವೆ ಒಂದು ಜರಡಿ ಇಟ್ಟಿದ್ದರು, ಅದರ ಹೆಸರು ಸುಖಮಿತಿ. ಹುಲಿಗೆಮ್ಮನ ಕಾಲಿಗೆ ಚುಚ್ಚಿದ ಮುಳ್ಳು ಅದನ್ನು ದಾಟುವಷ್ಟರಲ್ಲಿ ಕಚಗುಳಿಯಾಗುತ್ತಿತ್ತು. ಮೇ ತಿಂಗಳ ಮಧ್ಯಾಹ್ನ ಚಳಿಗಾಲದ ಎಳೆಬಿಸಿಲಾಗುತ್ತಿತ್ತು.

ಅಂಗಿ ಕೊಟ್ಟ ಕಂಪನಿ ಇದನ್ನು ಒಡಲಯಾನ ಎಂದು ಕರೆಯುತ್ತಿತ್ತು. ಕೆರೆ ಓಣಿಯವರಿಗೆ ಅಂಥ ಮಾತು ಬೇಕಾಗಲಿಲ್ಲ. ದೇವರು ಮೈಮೇಲೆ ಬರುವುದನ್ನು ಅವರು ಹುಟ್ಟಿದಾಗಿನಿಂದ ಕಂಡವರು. ಹಾಗಾಗಿ ಪ್ರವಾಸಿಗಳಿಗೆ ಮ್ಯಾಲೆ ಬರೋರು ಎಂದೇ ಹೆಸರು ಬಿತ್ತು. ಮೊದಲಿನ ಕಾಲದಲ್ಲಿ ನಿಜವಾದ ಗೈಡ್ ಆಗಿದ್ದ ಹೊನ್ನೂರಸಾಬ ಸಂಜೆ ಕಟ್ಟೆಯ ಮೇಲೆ ಕೂತು ಅವತ್ತಿನವರ ವರದಿ ಒಪ್ಪಿಸುತ್ತಿದ್ದ.

"ನನ್ನ ಮ್ಯಾಲೆ ಇವತ್ತು ಬಂದಾಂವ ಭಾಳ ಹಸದಿದ್ದ ನೋಡಬೇ ಹುಲಿಗೆಮ್ಮ. ಮಿರ್ಚಿ ತಿನಿಸಿದೆ. ಮೂರನೇದಕ್ಕ ಕುರ್ಚಿ ಬಿಟ್ಟು ಓಡಿ ಹೋದ."

"ನನ್ನಾಕಿ ಹಂಗಲ್ಲಪ್ಪ," ಎನ್ನುತ್ತಿದ್ದಳು ಹುಲಿಗೆಮ್ಮ. "ಹೊಳಿ ದಂಡಿಗೆ ಕುಂದ್ರಿಸಿದ್ರ ಮುಗೀತು. ತಾನೂ ಸುಮ್ಮನ, ನಾನೂ ಸುಮ್ಮನ."

ಅವಳಾಕಿ ಎಂದರೆ ಇಂಗ್ರಿಡ್ ಎಂಬ ಮುದುಕಿ. ಎಲ್ಲೋ ಉತ್ತರದ ಹಿಮದ ದೇಶದವಳು. ತನಗಿದ್ದ ಎರಡು ವಿಮಾನಯಾನವನ್ನೂ ಭೂಮಿಗೆ ಬಿಟ್ಟುಕೊಟ್ಟೆನೆಂದು ಹೆಮ್ಮೆಪಡುವವಳು. ವಾರಕ್ಕೊಮ್ಮೆ ತಪ್ಪದೆ ಹುಲಿಗೆಮ್ಮನ ಮೇಲೆ ಬಂದು, ಹೋಗುವಾಗ ಪ್ರತಿಸಲವೂ ಒಂದು ಸಾಲು ಕಳಿಸುತ್ತಿದ್ದಳು, ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿತ್ತು: ನಿಮ್ಮ ಪಾದಗಳಿಗೆ ನನ್ನ ವಂದನೆ.

ಕಂಪನಿಯ ಹೊಸಪೇಟೆಯ ನಿಯಂತ್ರಣ ಕೊಠಡಿಯಲ್ಲಿ ತುಂಗಮ್ಮನದು ಗೆರೆ ಕಾಯುವ ಕೆಲಸ. ಹಂಪಿಯಲ್ಲಿ ಒಡಲಂಗಿ ತೊಟ್ಟ ಪ್ರತಿಯೊಬ್ಬರಿಗೂ ಪರದೆಯ ಮೇಲೆ ಒಂದೊಂದು ಗೆರೆ ಇತ್ತು. ಹೆಡಕಿನ ಗುಂಡಿ ಮೈಬಿಸಿ ಅಳೆದು ಆ ಗೆರೆ ಎಳೆಯುತ್ತಿತ್ತು. ಒಂದು ಊರಿನ ಎಲ್ಲ ಗೆರೆಗಳ ಸರಾಸರಿ ತಾಪಗಡಿ ಎಂಬ ಕೆಂಪು ಪಟ್ಟಿಯನ್ನು ಮುಟ್ಟಿದರೆ ಆ ಊರು ತಾನಾಗಿ ಮುಚ್ಚಿಕೊಳ್ಳಬೇಕು, ಮಳೆ ಬರುವ ತನಕ ಅಲ್ಲಿಗೆ ಯಾರೂ ಬರುವಂತಿಲ್ಲ, ಅಲ್ಲಿಯವರ ಕೆಲಸಕ್ಕೂ ಧಕ್ಕೆಯಿಲ್ಲ. ಮನುಷ್ಯರ ಕೈಗೆ ಕೊಟ್ಟರೆ ಆಸೆಗೆ ಬಿದ್ದು ಮುಚ್ಚುವುದೇ ಇಲ್ಲವೆಂದು ಆ ಅಧಿಕಾರವನ್ನು ಪೂರ್ತಿ ಯಂತ್ರಕ್ಕೇ ಕೊಟ್ಟಿದ್ದರು. ತುಂಬ ಯೋಚಿಸಿ ಮಾಡಿದ ನಿಯಮ ಅದು.

ಬಾದಾಮಿ ಮಾರ್ಚಿನಲ್ಲೇ ಮುಚ್ಚುತ್ತಿತ್ತು. ಉತ್ತರದ ಕೋಟೆಗಳು, ಮರಳುಗಾಡಿನ ಊರುಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಹಂಪಿ ಮಾತ್ರ ಕಡುಬೇಸಿಗೆಯಲ್ಲೂ ಹಸಿರು. ಮುಚ್ಚಿದ ಊರುಗಳ ಪ್ರವಾಸಿಗಳನ್ನೆಲ್ಲ ಯಂತ್ರ ಹಂಪಿಯ ಕಡೆ ತಿರುಗಿಸುತ್ತಿತ್ತು. ಕೊಠಡಿಯ ಮೇಲ್ವಿಚಾರಕ ಜಂಬುನಾಥ ಹೊಸಪೇಟೆಯವನೇ. ಬಂಡೆಗಳ ನಡುವೆ ಏನೋ ವಿಶೇಷ ಗಾಳಿ ಬೀಸುತ್ತಿರಬೇಕು ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ತುಂಗಮ್ಮನಿಗೆ ಆ ಮಾತು ವಿಚಿತ್ರವೆನಿಸಲಿಲ್ಲ. ಮೂರು ಬೇಸಿಗೆ ಆ ಗೆರೆಗಳನ್ನು ನೋಡಿದ್ದಳು. ಅವು ಗರಗಸದ ಹಲ್ಲಿನ ಹಾಗೆ ನಿಧಾನ ಏರಿ ತಟಕ್ಕನೆ ಇಳಿಯುತ್ತಿದ್ದವು. ನೆರಳಿಗೆ ಕೂತಿರಬೇಕು ಅಂದುಕೊಳ್ಳುತ್ತಿದ್ದಳು.

ಆ ವರ್ಷ ಯುಗಾದಿಗೆ ಮುಂಚೆಯೇ ಹುಲಿಗೆಮ್ಮನ ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಎರಡು ಸಲ ತಲೆ ತಿರುಗಿ ಕೂತಳು. ಆಸ್ಪತ್ರೆಯ ಡಾಕ್ಟರಮ್ಮ ಮೂತ್ರಪಿಂಡಗಳು ಬಿಸಿಲಿಗೆ ಬೆಂದಿವೆ, ಇನ್ನೊಂದು ಬೇಸಿಗೆಯನ್ನು ಅವು ತಡೆಯುವುದಿಲ್ಲ ಎಂದಳು. ಕೆಲಸ ಬಿಡು ಎಂದು ತುಂಗಮ್ಮ ಗೋಗರೆದಳು. ನಡುವೆ ಬಿಟ್ಟವರಿಗೆ ಮತ್ತೆ ಅಂಗಿ ಕೊಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಓಣಿಯಲ್ಲಿ ಬೇರೆ ಕೆಲಸವೂ ಉಳಿದಿರಲಿಲ್ಲ. ಹುಲಿಗೆಮ್ಮ ತನಗೆ ಬೇಕಾದದ್ದು ಒಂದೇ ಎಂದಳು: ಬಾದಾಮಿಯವರಿಗೆ ಸಿಕ್ಕ ಹಾಗೆ ತಮಗೂ ಮಳೆಯ ತನಕ ಬಾಗಿಲು ಮುಚ್ಚಬೇಕು.

"ನಮ್ಮೂರಿಗೇ ಯಾಕ ಈ ದರಿದ್ರ ತಂಪು ಅಂಟಿಕೊಂಡೈತಿ, ತುಂಗಿ?" ಎಂದು ಕೇಳಿದಳು.

ಉತ್ತರ ಸಿಕ್ಕಿದ್ದು ಅಕ್ಕನ ಬಾಯಿಂದಲೇ. ಒಂದು ಮಧ್ಯಾಹ್ನ ಹುಲಿಗೆಮ್ಮ ಹೊಳೆಯ ದಂಡೆಯಲ್ಲಿದ್ದಳು. ಅವಳ ಗೆರೆ ಏರುತ್ತಿತ್ತು. ತುಂಗಮ್ಮ ಗಾಬರಿಯಾಗಿ ಕಿವಿಯ ತಂತಿಯಲ್ಲಿ ಮಾತಾಡಿಸಿದಳು.

"ಏನಾಗಿಲ್ಲ, ಬಟ್ಟಿ ಒಣಗೇತಿ," ಎಂದಳು ಅಕ್ಕ. "ತಡಿ, ತೊಯ್ಸಿ ಹಾಕ್ಕೊಂತೀನಿ. ನೀ ಇಲ್ಲಲ್ಲ, ನಂದ ಕೈ."

ನೀರಿನ ಸದ್ದು ಕೇಳಿಸಿತು. ಗೆರೆ ತಟಕ್ಕನೆ ಇಳಿಯಿತು.

ತುಂಗಮ್ಮ ಆ ಇಳಿದ ಗೆರೆಯನ್ನೇ ನೋಡಿದಳು, ಅದೇ ಗರಗಸದ ಹಲ್ಲು. ಗುಂಡಿಯನ್ನು ಕತ್ತಿನ ಹಿಂದೆ ಇಡಬೇಕೆಂದು ಎಲ್ಲೋ ಚಳಿಯ ದೇಶದ ಪ್ರಯೋಗಾಲಯದಲ್ಲಿ ನಿರ್ಧರಿಸಿದ್ದರು. ಅಲ್ಲಿಯವರು ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ ಅಂದುಕೊಂಡಿರಬೇಕು. ಇಲ್ಲಿ ಊರಿಗೆ ಊರೇ ಅಲ್ಲಿಗೆ ಒದ್ದೆ ಬಟ್ಟೆ ಹಾಸುತ್ತಿತ್ತು. ಯಂತ್ರ ಮೂರು ವರ್ಷ ಅಳೆದದ್ದು ಮನುಷ್ಯರನ್ನಲ್ಲ, ಮಡಕೆಯ ನೀರನ್ನು. ಮತ್ತು ಹುಲಿಗೆಮ್ಮನ ಪಾಲಿಗೆ ಆ ಸುಳ್ಳನ್ನು ದಿನಾ ಬೆಳಿಗ್ಗೆ ಹಾಸಿದ ಕೈ ತನ್ನದೇ.

ಜಂಬುನಾಥನಿಗೆ ಹೇಳಿದಾಗ ಅವನು ನಗಲಿಲ್ಲ. ಅವನ ತಾಯಿಯೂ ಅವನ ಹೆಡಕಿಗೆ ಬಟ್ಟೆ ಹಾಸಿದವಳೇ. ಆ ಹೊತ್ತಿಗೇ ಕಂಪನಿಯ ಮೇಲಿನವರಿಗೆ ಬರೆದ. ಬಂದ ಉತ್ತರ ಸೌಜನ್ಯದಿಂದ ಕೂಡಿತ್ತು. ನಿಯಮವನ್ನು ಒಬ್ಬ ಮೇಲ್ವಿಚಾರಕನ ಅನಿಸಿಕೆಯ ಮೇಲೆ ಬದಲಿಸಲಾಗದು, ಯಂತ್ರ ಅಳೆದದ್ದೇ ಪ್ರಮಾಣ, ಗೆರೆ ಏರಿದರೆ ಅದು ತಾನೇ ಮುಚ್ಚುತ್ತದೆ, ದಯವಿಟ್ಟು ಕಾಯಿರಿ ಎಂದಿತ್ತು.

"ಒಬ್ಬರೋ ಇಬ್ಬರೋ ಬಟ್ಟಿ ತಗದ್ರ ಏನಾಗ್ತದ್ರೀ ಸರ್?"

"ಅವರಿಗೇ ಜಡ್ಡಾಗೇತಿ ಅಂತ ಯಂತ್ರ ಅವರ ಹೆಸರು ಹೊಡದು ಹಾಕ್ತದ," ಎಂದ ಜಂಬುನಾಥ. ಆಮೇಲೆ ಗೋಡೆಗೆ ಹೇಳುವವನಂತೆ ಹೇಳಿದ. "ತಗದ್ರ ಎಲ್ಲಾರೂ ಒಮ್ಮೆಗೇ ತಗೀಬೇಕು. ನಾ ಹೇಳಿದೆ ಅನಬ್ಯಾಡ್ರಿ ಮತ್ತ."

ಆ ಸಂಜೆ ತುಂಗಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಓಣಿಯವರನ್ನು ಸೇರಿಸಿದಳು. ಹಂಪಿಯಲ್ಲಿ ಒಡಲಂಗಿ ತೊಡುವವರೆಲ್ಲ ಇಲ್ಲಿಯವರೇ. ವಿಷಯ ಅರ್ಥ ಮಾಡಿಸಲು ಕಷ್ಟವಾಗಲಿಲ್ಲ. ಒಪ್ಪಿಸುವುದು ಕಷ್ಟವಾಯಿತು. ಗಂಡಸರು ಒಂದು ದಿನ ತಾನೆ ಎಂದರು. ಬಟ್ಟೆ ಹಾಸುವವರು, ಹೆಂಡಂದಿರು, ಸೊಸೆಯಂದಿರು, ಒಬ್ಬ ಮುದಿ ಅತ್ತೆ, ಎದ್ದು ಹೊರಡಲು ನಿಂತರು. ಉಸಿರಾಡುವ ಮನುಷ್ಯನನ್ನು ಒಣ ಹೆಡಕಿನಲ್ಲಿ ಕಳಿಸಲು ತಮ್ಮ ಕೈಯಿಂದ ಆಗುವುದಿಲ್ಲ ಎಂಬುದು ಅವರ ಮಾತು. ಹೊನ್ನೂರಸಾಬ ಬೀಡಿ ಕೆಳಗಿಟ್ಟು ಕೇಳಿದ.

"ಅಂದ್ರ ತುಂಗಿ, ನಾವು ಸಾಯಾಕತ್ತೀವಿ ಅಂತ ಯಂತ್ರ ನಂಬಬೇಕಂದ್ರ, ಮೊದಲು ನಾವು ಸಾಯಾಕ ಹತ್ತಬೇಕು. ಹೌದಿಲ್ಲೋ?"

ಹೌದು ಎಂದಳು ತುಂಗಮ್ಮ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ.

ಕೊನೆಗೆ ಎಲ್ಲರನ್ನೂ ಒಪ್ಪಿಸಿದವಳು ಹುಲಿಗೆಮ್ಮ. ಬರುವ ಸೋಮವಾರ ಇಂಗ್ರಿಡಮ್ಮ ಬರುವ ದಿನ, ಅವತ್ತೇ ಆಗಲಿ, ಅವಳು ಮೇಲಿದ್ದರೆ ತನಗೆ ಧೈರ್ಯ ಎಂದಳಷ್ಟೇ. ಮನಸ್ಸು ಸೋತು ಯಾರಾದರೂ ನಡುವೆ ಬಟ್ಟೆ ತೊಯ್ಸಿಕೊಂಡಾರು ಎಂದು, ಎಲ್ಲರೂ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ಮಾತಾಯಿತು. ಆ ಉಪಾಯ ತುಂಗಮ್ಮನದು.

ಸೋಮವಾರ ಬೆಳಿಗ್ಗೆ ಹುಲಿಗೆಮ್ಮ ಹೊಸ್ತಿಲ ಬಳಿ ಬಂದು ರೂಢಿಯಂತೆ ತಲೆ ಬಾಗಿಸಿದಳು. ತುಂಗಮ್ಮನ ಕೈ ತಾನಾಗಿ ಮಡಕೆಗೆ ಹೋಯಿತು. ಇಬ್ಬರೂ ಒಟ್ಟಿಗೆ ಎಚ್ಚೆತ್ತರು. ಅಕ್ಕ ತಲೆಯೆತ್ತಿ, ನಾಚಿದವಳಂತೆ ನಕ್ಕು, ಬಿಸಿಲಿಗೆ ಇಳಿದಳು. ಓಣಿಯ ಮಂದಿ ಸದ್ದಿಲ್ಲದೆ ಹೋದರು. ಬಾಗಿಲುಗಳಲ್ಲಿ ಹೆಂಗಸರು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದರು.

ಕೊಠಡಿಯಲ್ಲಿ ಗೆರೆಗಳು ಏರತೊಡಗಿದವು. ಮೂರು ವರ್ಷಗಳಲ್ಲಿ ಮೊದಲ ಸಲ ಗರಗಸದ ಹಲ್ಲುಗಳಿರಲಿಲ್ಲ. ಎಲ್ಲವೂ ಜೊತೆಯಾಗಿ ಬೆಟ್ಟ ಹತ್ತುವವರ ಹಾಗೆ ಏರುತ್ತಿದ್ದವು. ಹಸಿರು ಹಳದಿಯಾಯಿತು. ಜಂಬುನಾಥ ತನ್ನ ಕುರ್ಚಿ ಎಳೆದುಕೊಂಡು ಬಂದು ತುಂಗಮ್ಮನ ಪಕ್ಕ ಕೂತ. ಹಳದಿ ಕಿತ್ತಳೆಗೆ ತಿರುಗಿತು. ಕೆಂಪು ಪಟ್ಟಿಗೂ ಸರಾಸರಿಗೂ ನಡುವೆ ಒಂದು ಕೂದಲೆಳೆ ಉಳಿಯಿತು. ತುಂಗಮ್ಮ ಏರು, ಏರು ಎಂದು ಬೇಡಿಕೊಳ್ಳುತ್ತಿದ್ದಳು. ಬೇಡಿಕೊಳ್ಳುತ್ತಿರುವುದು ಅಕ್ಕನ ಮೈಬಿಸಿಯನ್ನು ಎಂದು ಆಮೇಲೆ ಹೊಳೆಯಿತು.

ಗೆರೆ ಪಟ್ಟಿಯನ್ನು ಮುಟ್ಟಿತು.

ಆಮೇಲೆ ಪರದೆಯ ಮೇಲೆ ಒಂದು ಸಾಲು ಮೂಡಿತು: ಹಂಪಿ, ಗುಂಡಿಗಳಲ್ಲಿ ಸಾಮೂಹಿಕ ದೋಷ ಕಂಡುಬಂದಿದೆ, ಹಿಂದಿನ ಮೂರು ಬೇಸಿಗೆಗಳ ಅಳತೆಯಂತೆ ತಿದ್ದಲಾಗಿದೆ. ಸರಾಸರಿ ಗೆರೆ ಮೇಲಿಂದ ಕೆಳಕ್ಕೆ ಜಾರಿತು. ಹಸಿರಾಯಿತು.

ಯಂತ್ರದ ತಪ್ಪೂ ಅಲ್ಲ ಅದು. ತಣ್ಣಗಿನ ಊರೊಂದು ಒಂದೇ ಬೆಳಗಿಗೆ ಕುದಿಯುತ್ತದೆ ಎಂದರೆ ಯಾರು ನಂಬುತ್ತಾರೆ? ಮೂರು ವರ್ಷ ಅವರೇ ಅದಕ್ಕೆ ಕಲಿಸಿದ್ದರು.

ತುಂಗಮ್ಮ ಕಿವಿಯ ತಂತಿಗೆ ಕೂಗಿದಳು. ಮುಗೀತು, ಆಗಲಿಲ್ಲ, ನೆರಳಿಗೆ ಹೋಗಿ, ಬಟ್ಟೆ ತೊಯ್ಸಿಕೊಳ್ಳಿ. ಬಟ್ಟೆ ಎಲ್ಲಿತ್ತು? ಕೆಳಗಿದ್ದವರು ಹೊಳೆಗೆ ಇಳಿದರು. ಹುಲಿಗೆಮ್ಮ ಮತಂಗ ಬೆಟ್ಟದ ಅರ್ಧಕ್ಕೆ ಬಂದಿದ್ದಳು. ಅಲ್ಲಿ ಕಲ್ಲು ಬಿಟ್ಟರೆ ಬೇರೇನೂ ಇಲ್ಲ. ಅವಳ ಉಸಿರು ಕೇಳಿಸುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವಳ ಕನ್ನಡಕದಿಂದ ಬರುವ ಚಿತ್ರ ವಾಲಿತು, ಬಂಡೆ ಹತ್ತಿರ ಬಂತು, ಆಮೇಲೆ ಬರೀ ಆಕಾಶ.

ಅದೇ ಹೊತ್ತಿಗೆ ಇಂಗ್ರಿಡಳಿಂದ ಸಾಲು ಬಂತು. ಯಂತ್ರ ಅದನ್ನು ತನ್ನ ಮೃದು ದನಿಯಲ್ಲಿ ಓದಿತು.

"ಬಂಡೆಯ ಮೇಲೆ ಮಲಗಿಸಿದ್ದಕ್ಕೆ ವಂದನೆ. ಎಷ್ಟು ಹಗುರವಾಗಿದೆ. ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಬಹುದೇ?"

ಸುಖಮಿತಿ ತನ್ನ ಕೆಲಸ ಮಾಡಿತ್ತು. ಕಾದ ಬಂಡೆ ದಾಟಿ ಹೋಗುವಾಗ ಬೆಚ್ಚಗಿನ ಹಾಸಿಗೆಯಾಗಿತ್ತು. ತುಂಗಮ್ಮ ಅವಳಿಗೆ ಬರೆದಳು. ಏಳಿ, ಅಕ್ಕ ಸಾಯುತ್ತಿದ್ದಾಳೆ, ಯಾರಿಗಾದರೂ ಹೇಳಿ, ನಿಮ್ಮ ಮಾತನ್ನಾದರೂ ಅವರು ಕೇಳಿಯಾರು. ಸಂದೇಶಕ್ಕೂ ಅದೇ ಜರಡಿ ಇತ್ತು. ಹೋದದ್ದೇನೆಂದು ಪರದೆಯ ಮೂಲೆಯಲ್ಲಿ ಕಂಡಿತು: ನಿಮ್ಮ ಸಂಗಾತಿ ವಿಶ್ರಾಂತಿ ಪಡೆಯುತ್ತಿದ್ದಾರೆ, ಆನಂದಿಸಿ.

ಜಂಬುನಾಥ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದ. ಬೆಟ್ಟದ ಬುಡಕ್ಕೆ ಬರುವುದಕ್ಕೇ ಹೊತ್ತು ಹಿಡಿಯುತ್ತದೆ ಎಂದು ಆ ಕಡೆಯವರು ಹೇಳುತ್ತಿದ್ದರು. ಹೊಳೆಯ ಬಳಿಯಿದ್ದ ಹೊನ್ನೂರಸಾಬನ ದನಿ ಕೇಳಿಸಿತು. ಹುಲಿಗೆಮ್ಮ ಎಲ್ಲಿದ್ದಾಳೆ ಎಂದು ಮಾತ್ರ ಕೇಳಿದ. ಅವನ ಮೇಲಿದ್ದ ಪ್ರವಾಸಿ ದಾರಿ ಬದಲಾಯಿತೆಂದು ದೂರು ಕೊಟ್ಟ. ಆ ದೂರು ಕೂಡ ಪರದೆಯ ಮೇಲೆ ಬಂತು. ಮುದುಕನ ಉಬ್ಬಸ, ಚಪ್ಪಲಿಯ ಸದ್ದು, ನಡುವೆ ಎಲ್ಲೋ ಅವನ ತಂತಿ ಕಳಚಿ ಬಿತ್ತು. ಹುಲಿಗೆಮ್ಮನ ಕನ್ನಡಕದಲ್ಲಿ ಆಕಾಶ ಹಾಗೇ ಇತ್ತು.

ಉಳಿದದ್ದು ಗೆರೆ ಮಾತ್ರ. ಸರಾಸರಿಯನ್ನು ತಿದ್ದಿದ್ದರೂ ಒಬ್ಬೊಬ್ಬರ ಮೂಲ ಗೆರೆ ಬೇಕೆಂದರೆ ಕಾಣುತ್ತಿತ್ತು. ತುಂಗಮ್ಮ ಅಕ್ಕನದನ್ನು ಪರದೆಯ ತುಂಬ ಹರಡಿಕೊಂಡು ಕೂತಳು. ಅದು ಕೆಂಪು ಪಟ್ಟಿಯ ಎಷ್ಟೋ ಮೇಲೆ ಏರಿತ್ತು. ಏರಿ ನಿಂತಿತ್ತು.

ಆಮೇಲೆ ತಟಕ್ಕನೆ ಇಳಿಯಿತು.

ಹೊನ್ನೂರಸಾಬ ತಲುಪಿ ಒದ್ದೆ ಬಟ್ಟೆ ಹಾಸಿದನೋ, ಅಥವಾ ಅಕ್ಕನ ಮೈ ತಣ್ಣಗಾಯಿತೋ? ಜಂಬುನಾಥನೂ ಆ ಗೆರೆ ನೋಡಿದ, ತುಂಗಮ್ಮನ ಮುಖ ನೋಡಲಿಲ್ಲ. ಯಂತ್ರ ಮಾತ್ರ ಇಳಿದ ಗೆರೆಯನ್ನು ಗುರುತಿಸಿ, ಹುಲಿಗೆಮ್ಮ ಸುಸ್ಥಿತಿಯಲ್ಲಿದ್ದಾಳೆ ಎಂದು ಹಸಿರು ಚುಕ್ಕೆ ಇಟ್ಟಿತು. ಆಂಬುಲೆನ್ಸಿನವರು ಫೋನ್ ಮಾಡುವ ತನಕ ತುಂಗಮ್ಮ ಆ ಚುಕ್ಕೆಯನ್ನು ನೋಡುತ್ತ ಕೂತಿದ್ದಳು. ಅವಳು ಅಷ್ಟು ಹೊತ್ತು ಏನನ್ನೂ ಬೇಡಿಕೊಳ್ಳಲಿಲ್ಲ. ಬೇಡುವುದು ಯಾವುದನ್ನು ಎಂದೇ ತಿಳಿಯಲಿಲ್ಲ.

ಅಕ್ಕನ ಹೆಡಕಿಗೆ ಒದ್ದೆ ಬಟ್ಟೆಯೇ ಬಿದ್ದಿತ್ತು. ಹೊನ್ನೂರಸಾಬ ತನ್ನ ಜುಬ್ಬವನ್ನು ಹೊಳೆಯಲ್ಲಿ ಅದ್ದಿ ಬೆಟ್ಟ ಹತ್ತಿದ್ದ. ಆ ದಿನದ ಮಟ್ಟಿಗೆ ದೋಷ ಗುಂಡಿಯದೇ ಎಂದು ಯಂತ್ರ ತೀರ್ಮಾನಿಸಿದ್ದರಿಂದ ಯಾರ ಹೆಸರನ್ನೂ ಹೊಡೆದುಹಾಕಲಿಲ್ಲ. ದೂರು ಬಂದದ್ದಕ್ಕೆ ಹೊನ್ನೂರಸಾಬನ ಅಂಗಿಯನ್ನು ಮಾತ್ರ ವಾಪಸು ತೆಗೆದುಕೊಂಡರು. ಜಂಬುನಾಥ ಮತ್ತೊಮ್ಮೆ ಬರೆದ. ಮತ್ತೊಮ್ಮೆ ಸೌಜನ್ಯದ ಉತ್ತರ ಬಂತು, ಜೊತೆಗೆ ಹೊಸ ಗುಂಡಿಗಳ ಪೆಟ್ಟಿಗೆಯೂ ಬಂತು. ಅವನ್ನು ಕೂರಿಸುವ ಜಾಗ ಮೊದಲಿನದೇ, ಕತ್ತಿನ ಹಿಂಬದಿ.

ಹುಲಿಗೆಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು. ಮೂತ್ರಪಿಂಡಗಳು ಅರ್ಧ ಕೆಲಸ ನಿಲ್ಲಿಸಿದ್ದವು. ಉಳಿದರ್ಧದ ಬಗ್ಗೆ ಡಾಕ್ಟರಮ್ಮ ಮಾತು ತೇಲಿಸಿದಳು. ಹೊನ್ನೂರಸಾಬ ಕಟ್ಟೆಯ ಮೇಲೆ ಕೂತು, ತನ್ನ ಮೇಲೆ ಈಗ ಯಾರೂ ಬರುವುದಿಲ್ಲ, ಖಾಲಿ ಮೈ ಎಷ್ಟು ಭಾರ ಗೊತ್ತೇನು ಎಂದು ನಗಿಸಲು ನೋಡಿದ. ಇಂಗ್ರಿಡಳ ಸಾಲು ಬಂದಿತ್ತು. ಆ ಬಂಡೆಯ ಶಾಂತಿಯನ್ನು ಮರೆಯಲಾಗುತ್ತಿಲ್ಲ, ಮುಂದಿನ ಸೋಮವಾರವೂ ಅಲ್ಲಿಗೇ ಹೋಗೋಣ ಎಂದು. ತುಂಗಮ್ಮ ಅದನ್ನು ಓದಿ ಹೇಳಬಾರದೆಂದಿದ್ದಳು. ಅಕ್ಕ ಕೇಳಿ ಕೇಳಿ ಹೇಳಿಸಿಕೊಂಡಳು.

ಮುಂದಿನ ಸೋಮವಾರ ತುಂಗಮ್ಮ ಎದ್ದಾಗ ಹುಲಿಗೆಮ್ಮ ಒಡಲಂಗಿ ತೊಟ್ಟು, ಕನ್ನಡಕ ಕೈಯಲ್ಲಿ ಹಿಡಿದು, ಹೊಸ್ತಿಲ ಬಳಿ ನಿಂತಿದ್ದಳು. ಮುಖ ಇನ್ನೂ ಊದಿಕೊಂಡಿತ್ತು. ತುಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. ತನ್ನದೊಂದು ಕೆಲಸವಿದೆಯಲ್ಲ, ಹೇಗೋ ಆಗುತ್ತದೆ ಎಂದಳು. ತಾನು ಇನ್ನು ಆ ಪರದೆಯ ಮುಂದೆ ಕೂರಲಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

"ನೀ ಅಲ್ಲಿ ಕುಂತು ನೋಡ್ತಿರ್ತಿ ಅಂತ ಅಷ್ಟ ನನಗ ಧೈರ್ಯ," ಎಂದಳು. "ಬಿಸಲೇರಾಕತ್ತೈತಿ. ಹಾಕು ಬಾ."

ತಲೆ ಬಾಗಿಸಿ ನಿಂತಳು. ಕೂದಲು ಸರಿದು ಹೆಡಕು ಕಂಡಿತು. ಹೊಸ ಗುಂಡಿಯ ಸುತ್ತ ಚರ್ಮ ಸುಟ್ಟು ಸುಲಿದಿತ್ತು. ಬಟ್ಟೆ ಹಾಸಿದರೆ ಊರು ಇವತ್ತೂ ತಣ್ಣಗಿರುತ್ತದೆ, ಬಾಗಿಲು ತೆರೆದೇ ಇರುತ್ತದೆ. ಹಾಸದಿದ್ದರೆ ಯಂತ್ರ ನಂಬುವುದಿಲ್ಲ, ಬಿಸಿಲು ಮಾತ್ರ ನಂಬುತ್ತದೆ. ತುಂಗಮ್ಮ ಮಡಕೆಯಲ್ಲಿ ಬಟ್ಟೆ ಅದ್ದಿದಳು. ಹಿಂಡದೆ ಹಾಗೇ ಎತ್ತಿದಳು, ನೀರು ಹೆಚ್ಚು ಹೊತ್ತು ಉಳಿಯಲಿ ಎಂದು. ನೋವಾಗದ ಹಾಗೆ ಮೆಲ್ಲಗೆ ಹಾಸಿ, ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು.

ಅಂಗೈಯ ಅಡಿಯಲ್ಲಿ ಗುಂಡಿ ಸಣ್ಣಗೆ ಕಂಪಿಸಿತು, ಎಲ್ಲವೂ ಸರಿಯಾಗಿದೆ ಎಂದು.